ಚಂದ್ರಾಮಪ್ಪನ ಮುಷ್ಟಿ

"ಮುಷ್ಟಿ ಬಿಚ್ಚಲೇ ಸೂಳೇಮಗನ! ಬೀಗರು ಬಂದಾರ, ಅಂಜ್ತಾರ."

ಗೌಡರು ಗದರಿದ್ದೇ ಚಂದ್ರಾಮಪ್ಪ ಬಿಚ್ಚಿದ. ಹತ್ತೂ ಬೆರಳು ತೊಡೆಗೆ ಅಂಟಿಸಿ, ಹೊಟ್ಟೆ ಬಿಗಿಹಿಡಿದು ನಿಂತ. ಇದು ಕಟ್ಟುಕಥೆಯಲ್ಲ. ಕಟ್ಟುವುದೇ ಆಗಿದ್ದರೆ ಮೊದಲು ಅವನ ಮುಷ್ಟಿ ಕಟ್ಟಿಸಬಹುದಿತ್ತು. ನಡೆದ ಕಥೆಯಲ್ಲಿ ಅವನು ಅಂಗೈ ತೆರೆದೇ ನಿಲ್ಲಬೇಕು.

ಬಸವಂತ್ರಾಯಗೌಡರ ಮನೆಯಲ್ಲಿ ಊಟದ ಮೇಲೆ ಎಲೆಅಡಿಕೆ, ಎಲೆಅಡಿಕೆಯ ಮೇಲೆ ಚಾಂಪಿಯನ್. ಕೆಂಭಾವಿಯ ಬೀಗರು ಬರಲಿ, ಶಹಾಪುರದ ಸಾಹೇಬರು ಬರಲಿ, ಕಾಲುವೆಯ ತೂಬಿನ ಹತ್ತಿರ ಕೆಲಸದಲ್ಲಿರುವ ಚಂದ್ರಾಮಪ್ಪನಿಗೆ ಕರೆ ಹೋಗುತ್ತಿತ್ತು. ಉಂಡವರು ಒಬ್ಬೊಬ್ಬರಾಗಿ ಎದ್ದು ಬಂದು ಅವನ ಹೊಟ್ಟೆಗೊಂದು ಗುದ್ದು ಹಾಕುತ್ತಿದ್ದರು.

ಗೌಡರ ತಂಗಿಯ ಮಗ ಅಮರಪ್ಪ ನೀರಿನ ಸ್ಟೀಲಿನ ಚರಗಿಯನ್ನು ಬಾಯಿಗಿಟ್ಟುಕೊಂಡು ಮುಂಬಯಿಯ ಬಾಕ್ಸಿಂಗ್ ಪಂದ್ಯದ ಮೈಕಿನವನ ದನಿ ತೆಗೆದ. "ಲಾಲ್ ಕೋನೇ ಮೇ... ಬಂದರ್ ಕಾ ಶೇರ್... ಸೌ ಕಿಲೋ ಕಾ... ಚಂದರಾಆಆಮ್!"

"ಹೊಡೀರಿ ಬೀಗರ," ಎಂದರು ಗೌಡರು. "ಎಮ್ಮಿ ನಿಂತಂಗ ನಿಂತಾನ, ಏನೂ ಮಾಡಾಂಗಿಲ್ಲ."

ಕೆಂಪು ಮೂಲೆಯಲ್ಲಿ ಬಂದರಿನ ಸಿಂಹ ಎಂದು ಸಾರುವ ಅಮರಪ್ಪನ ಆ ದನಿ ತದ್ರೂಪು. ಗುದ್ದಿಗಿಂತ ಅದೇ ಚಂದ್ರಾಮಪ್ಪನಿಗೆ ಒಳಗೆ ಬಡಿಯುತ್ತಿತ್ತು. ಹದಿನೆಂಟಕ್ಕೆ ಮುಂಬಯಿಗೆ ದುಡಿಯಲು ಹೋದವನು ಬಂದರಿನಲ್ಲಿ ಮೂಟೆ ಹೊತ್ತ. ಮೂಟೆಯವರ ತಾಲೀಮಿನಲ್ಲಿ ಕೈಗೆ ಗ್ಲೌಸ್ ಹಾಕಿದ. ಮೂರು ವರ್ಷ ಬಂದರು ಕೂಲಿಗಳ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಅವನೇ. ನಾಲ್ಕನೆಯ ವರ್ಷ ಎಡಗಣ್ಣಿಗೆ ಏಟು ಬಿದ್ದು ಮಂಜಾಯಿತು. ಆಮೇಲೆ ಮೂಟೆಯೂ ಇಲ್ಲ, ಮುಂಬಯಿಯೂ ಇಲ್ಲ.

ಅಷ್ಟರಲ್ಲಿ ಊರಿಗೆ ಕೃಷ್ಣೆಯ ಕಾಲುವೆ ಬಂದಿತ್ತು. ತೂಬು ಎತ್ತಿ ಇಳಿಸುವ ದಿನಗೂಲಿ ಸಿಕ್ಕಿತು. ಇರಲಿಕ್ಕೆ ಕಾಲುವೆಯವರ ಕ್ಯಾಂಪಿನಲ್ಲಿ ತಗಡಿನ ಖೋಲಿ. ಏಳು ವರ್ಷದಿಂದ ಕೆಲಸ ಖಾಯಂ ಆಗಲೆಂದು ಕಾದಿದ್ದಾನೆ. ಯಾರನ್ನು ಖಾಯಂ ಮಾಡಬೇಕೆಂದು ಕಾಲುವೆ ಆಫೀಸಿನವರು ಕೇಳುವುದು ಗೌಡರನ್ನು. ಗೌಡರ ಕರಾರು ಒಂದೇ: ಊರೊಳಗೆ ಇವನು ಮುಷ್ಟಿ ಕಟ್ಟಬಾರದು. ಕಟ್ಟಿದ ದಿನ ಕೆಲಸವೂ ಹೋಯಿತು, ಖೋಲಿಯೂ ಹೋಯಿತು.

"ನಿದ್ದಿಯಾಗ ಮುಷ್ಟಿ ಕಟ್ಟಿದ್ದಿ," ಎಂದಳು ಹೆಂಡತಿ ದುರಗಮ್ಮ, ಮರುದಿನ ಅವನ ಅಂಗಿ ಹಿಂಡುತ್ತ. "ಎರಡೂ ಕೈ ಹಚ್ಚಿ ಜಗ್ಗಿದೆ. ಬಿಚ್ಚಲೇ ಇಲ್ಲ."

"ಯಾರರ ನೋಡಿದ್ರೇನ?"

"ನಮ್ಮ ಖೋಲ್ಯಾಗ ಯಾರ್ ನೋಡ್ತಾರೋ ಹುಚ್ಚಪ್ಪ?"

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಅಮರಪ್ಪ ಗಾಡಿ ತಂದು ನಿಲ್ಲಿಸಿದ.

"ಏ ಚಂದ್ರ್ಯಾ, ಖಾಯಂ ಆರ್ಡರ್ ಬಂದದಲೇ! ಸೋಮವಾರ ಮಾವ ಸನ್ಮಾನ ಇಟ್ಕೊಂಡಾನ. ಚಾಂಪಿಯನ್ ಬೆಲ್ಟೂ ಕೊಡ್ತಾನ. ಕೇರಿ ಮಂದಿನೆಲ್ಲ ಕರ್ಕೊಂಡು ಬಾ."

ದುರಗಮ್ಮ ಹಿಂಡಿದ ಅಂಗಿಯನ್ನು ಮತ್ತೊಮ್ಮೆ ಸಾಬೂನು ಹಚ್ಚಿ ಒಗೆದಳು.

ಸೋಮವಾರ ಗೌಡರ ಅಂಗಳದಲ್ಲಿ ಬೀಗರಿಗೆಲ್ಲ ಕುರ್ಚಿಗಳು ಬಿದ್ದವು. ಕೇರಿಯವರು ಗೋಡೆಯಾಚೆ ನಿಂತರು, ದುರಗಮ್ಮನೂ ಅವರೊಳಗೆ. ಚಂದ್ರಾಮಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಅಮರಪ್ಪನ ಚರಗಿ ಕೂಗಿತು. ಗೌಡರು ತಾಟಿನ ಮೇಲಿನ ಕೆಂಪು ಬಟ್ಟೆ ಸರಿಸಿದರು.

ಒಳಗಿದ್ದದ್ದು ಎತ್ತಿನ ಕೊರಳಿಗೆ ಕಟ್ಟುವ ಚರ್ಮದ ಪಟ್ಟಿ. ನಡುವೆ ಹಿತ್ತಾಳೆಯ ಗಂಟೆ.

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು.

"ಆರ್ಡರ್ ರಿ, ಗೌಡ್ರ?" ಎಂದು ಕೇಳಿದ ಚಂದ್ರಾಮಪ್ಪ.

"ಆರ್ಡರ್ ಬಂದದಲೇ, ನಮ್ಮ ಅಮರಪ್ಪಗ. ನಾಳಿಂದ ತೂಬಿನ ಕೀಲಿ ಅವನ ಕೈಯಾಗ ಕೊಡು. ಖೋಲಿ ಖಾಲಿ ಮಾಡು. ನೀ ದನದ ಕೊಟಿಗ್ಯಾಗ ಬಿದ್ದಿರು, ಇದನ್ನ ಕಟ್ಕೊಂಡು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮ್ಯಾಲ ಮೇವು ಹಾಕೋ ಗ್ವಾದ್ಲಿ ಖಾಲೀನ ಬಿದ್ದದ."

ಮತ್ತೆ ನಗು.

ಚಂದ್ರಾಮಪ್ಪ ಪಟ್ಟಿಯನ್ನು ಎತ್ತಿಕೊಂಡ. ಹೆಬ್ಬೆರಳು ತುದಿಯ ಹೊಲಿಗೆಯ ಮೇಲೆ ನಿಂತಿತು. ಎರಡು ಅಡ್ಡ ಗಂಟು. ಅವನ ಅಪ್ಪ ಯಂಕಣ್ಣನ ಕೈ. ಸುಗ್ಗಿಗೆ ನಾಲ್ಕು ಸೇರು ಜೋಳಕ್ಕೆ ಈ ಮನೆಯ ಎತ್ತುಗಳಿಗೆಲ್ಲ ಹೊಲಿದು ಹೊಲಿದು ಬೆರಳು ಸೊಟ್ಟಗಾಗಿ ಸತ್ತವನು. ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ.

ಚಂದ್ರಾಮಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಏಳು ವರ್ಷ ಗುದ್ದು ತಿಂದ ಅದೇ ಹೊಟ್ಟೆಯಿಂದ. ಅಂಗಳದ ನಗುವೆಲ್ಲ ಅದರ ಕೆಳಗೆ ಸಿಕ್ಕಿ ಸಣ್ಣದಾಯಿತು. "ಹುಚ್ಚ್ ಹಿಡೀತೇನಲೇ ಇವಗ?" ಎಂದರು ಯಾರೋ.

ನಗುತ್ತಲೇ ಅವನು ಪಟ್ಟಿಯನ್ನು ಬಲಗೈಗೆ ಸುತ್ತತೊಡಗಿದ. ಬಂದರಿನ ತಾಲೀಮಿನಲ್ಲಿ ಗ್ಲೌಸ್ ಹಾಕುವ ಮುಂಚೆ ಸುತ್ತುತ್ತಿದ್ದ ಹಾಗೆಯೇ. ಮಣಿಕಟ್ಟಿಗೆ ಎರಡು ಸುತ್ತು. ಗೆಣ್ಣುಗಳ ಮೇಲೆ ಒಂದು. ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಬೆರಳು ಒಂದೊಂದಾಗಿ ಮಡಿಚಿಕೊಂಡವು.

"ಮುಷ್ಟಿ ಬಿಚ್ಚಲೇ!" ಗೌಡರ ಕುರ್ಚಿ ಹಿಂದಕ್ಕೆ ಸರಿಯಿತು.

"ಕೂಗ್ರಿ ಅಮರಪ್ಪ, ನಿಂತ್ರ್ಯಾಕ?" ಚಂದ್ರಾಮಪ್ಪನ ನಗು ಇನ್ನೂ ಏರುತ್ತಿತ್ತು. "ಲಾಲ್ ಕೋನೇ ಮೇ ಯಾರು ಅಂತ ಬೀಗರಿಗೆ ಹೇಳ್ರಿ!"

ಅಮರಪ್ಪನ ಕೈಯಿಂದ ಚರಗಿ ಜಾರಿ ಕಲ್ಲಿನ ಮೇಲೆ ಉರುಳಿತು. ಗೋಡೆಯಾಚೆಯಿಂದ ದುರಗಮ್ಮ ನಕ್ಕದ್ದು ಕೇಳಿಸಿತು. ಚಂದ್ರಾಮಪ್ಪ ಒಂದು ಹೆಜ್ಜೆ ಮುಂದಿಟ್ಟ. ಪಂದ್ಯ ಸುರುವಾಗುವ ಹಾಗೆ ಮಣಿಕಟ್ಟಿನ ಮೇಲೆ ಗಂಟೆ ಹೊಡೆಯಿತು.