‘ಏಡಿಯ ಮದುವೆ’ ಕೇಳಿದವರು

ಕುಮಟೆಯ ‘ಸಂಕ’ ಬ್ಯಾಂಡಿನಲ್ಲಿ ಇದ್ದವರು ಮೂವರೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಹಾಸ ಗಿಟಾರು ನುಡಿಸುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನ ತಂಗಿ ಪ್ರಿಯಂವದಾ ಹಾಡು ಕಟ್ಟಿ ತಾನೇ ಹಾಡುತ್ತಿದ್ದಳು. ಐಸ್ ಫ್ಯಾಕ್ಟರಿಯ ನಿತ್ಯಾನಂದನದು ಡ್ರಮ್ಮು. 2001ರಲ್ಲಿ ಮೂವರೂ ಸೇರಿ ‘ಏಡಿಯ ಮದುವೆ’ ಎಂಬ ಕ್ಯಾಸೆಟ್ಟು ಮಾಡಿದರು. ರಾಕ್ ಸಂಗೀತವೇನೋ ಹೌದು. ಆದರೆ ಅದರಲ್ಲಿ ಕುಕ್ಕರಿನ ಸೀಟಿ ಇತ್ತು, ಐಸು ಒಡೆಯುವ ಸದ್ದಿತ್ತು, ಕರೆಂಟು ಹೋದಾಗ ಇಡೀ ಕೇರಿ ‘ಹೋ’ ಎನ್ನುವುದಿತ್ತು. ಅಡ್ಡಡ್ಡ ನಡೆಯುವ ಏಡಿಯೊಂದು ದಿಬ್ಬಣ ಹೊರಟ ಕಥೆ ಕ್ಯಾಸೆಟ್ಟಿನ ಎರಡೂ ಬದಿಗೆ ಹರಡಿಕೊಂಡಿತ್ತು. ಕ್ಯಾಸೆಟ್ ಕಂಪನಿಯವರೊಬ್ಬರು ಕೇಳಿ, ಇದು ಭಜನೆಯೂ ಅಲ್ಲ, ಭಾವಗೀತೆಯೂ ಅಲ್ಲ, ಏನೆಂದು ಹೇಳಿ ಮಾರುವುದು ಎಂದು ವಾಪಸು ಕಳಿಸಿದರು. ಕೊನೆಗೆ ತಾವೇ ಪ್ರತಿಗಳನ್ನು ಮಾಡಿಸಿ ಅಂಗಡಿಗಳಲ್ಲಿ ಇಟ್ಟರು.

ಅದನ್ನು ಮೊದಲು ಹಚ್ಚಿಕೊಂಡವನು ಭಟ್ಕಳ–ಹೊನ್ನಾವರ ನಡುವೆ ಟೆಂಪೋ ಓಡಿಸುವ ಭಾಸ್ಕರ. ಮೊದಮೊದಲು ಇದೆಂತ ಗಲಾಟೆ ಎಂದು ಬೈದ ಪ್ರಯಾಣಿಕರೇ ಆಮೇಲೆ ಹತ್ತಿದ ಕೂಡಲೇ ಏಡಿ ಹಾಕು ಎನ್ನತೊಡಗಿದರು. ಕಾಲೇಜು ಹುಡುಗಿಯರು ಬೇರೆ ಟೆಂಪೋ ಬಿಟ್ಟು ಭಾಸ್ಕರನದಕ್ಕೇ ಕಾಯುತ್ತಿದ್ದರು. ಭಟ್ಕಳದ ಬಟ್ಟೆ ಅಂಗಡಿಯವರೊಬ್ಬರು ದುಬೈಗೆ ಹೊರಟ ಅಳಿಯನ ಪೆಟ್ಟಿಗೆಯಲ್ಲಿ ಹಪ್ಪಳದ ಜೊತೆ ಇದನ್ನೂ ಇಟ್ಟರು. ಮಿರ್ಜಾನದ ಒಂದು ಮದುವೆಯಲ್ಲಿ ಬೀಗರು ವಾಲಗದ ಬ್ಯಾಂಡಿನವರನ್ನು ನಿಲ್ಲಿಸಿ, ಏಡಿ ಹಾಡು ಹಾಕಿಸಿ ಕುಣಿದರಂತೆ. ಪ್ರಿಯಂವದಾ ಬೋರ್ಡಿನ ಕಡೆ ತಿರುಗಿದರೆ ಹಿಂದಿನ ಬೆಂಚಿನಿಂದ ಮೆಲ್ಲಗೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಅವಳು ಕೇಳದವಳ ಹಾಗೆ ಬೋರ್ಡಿಗೇ ನಗುತ್ತಿದ್ದಳು.

ನಾಲ್ಕೈದು ವರ್ಷ ಕಳೆಯಿತು. ಒಂದು ದಿನ ಭಾಸ್ಕರ ಬ್ಯಾಂಕಿಗೇ ಬಂದ. ತನ್ನ ಕ್ಯಾಸೆಟ್ಟು ಸವೆದು ನರಳುತ್ತಿದೆ, ಜನ ತನಗೆ ಬೈಯುತ್ತಿದ್ದಾರೆ, ಹೇಗಾದರೂ ಮಾಡಿ ಸೀಡಿ ತರಬೇಕು ಎಂದ. ಸುಹಾಸನಿಗೆ ಖುಷಿಯಾಯಿತು. ಮನೆಗೆ ಹೋಗಿ ಮೂಲ ಟೇಪು ಇಟ್ಟಿದ್ದ ಟ್ರಂಕು ತೆಗೆದರೆ, ಮಳೆಗಾಲದ ಥಂಡಿಗೆ ಸುರುಳಿಗೆ ಸುರುಳಿಯೇ ಬೂಸಲು ಹಿಡಿದಿತ್ತು. ಮಂಗಳೂರಿನ ಸ್ಟುಡಿಯೋದವರೂ ಕೈಚೆಲ್ಲಿದರು.

“ಎಲ್ಲ ಹೋತು ತಂಗಿ. ಇನ್ನು ಎಂತದೂ ಮಾಡಲೆ ಬತ್ತಿಲ್ಲೆ” ಎಂದ ಸುಹಾಸ.

ಮೂವರೂ ಮತ್ತೊಮ್ಮೆ ಹಾಡಿ ರೆಕಾರ್ಡು ಮಾಡಿ ನೋಡಿದರು. ಎಲ್ಲ ಚೊಕ್ಕವಾಗಿಯೇ ಬಂತು. ಕೊನೆಯ ತನಕ ಕೇಳಿ ಭಾಸ್ಕರ ಹೇಳಿದ: “ಚಲೋ ಉಂಟು ಅಕ್ಕೋರೇ. ಆದ್ರೆ ಇದು ಅದಲ್ಲ.” ಪ್ರಿಯಂವದಾಳಿಗೂ ಅದು ಗೊತ್ತಿತ್ತು.

ಭಾಸ್ಕರ ಸುಮ್ಮನಾಗಲಿಲ್ಲ. ಕ್ಯಾಸೆಟ್ಟು ಇದ್ದವರು ತಂದುಕೊಡಿ, ಕೇಳಿ ವಾಪಸು ಕೊಡುತ್ತೇವೆ ಎಂದು ಟೆಂಪೋದೊಳಗೆ ಚೀಟಿ ಅಂಟಿಸಿದ. ಕಾಗಾಲದಿಂದ ಬಂತು, ಭಟ್ಕಳದಿಂದ ಬಂತು. ಕೆಲವಕ್ಕೆ ಅರಿಸಿನದ ಕಲೆ, ಕೆಲವಕ್ಕೆ ಉಗುರುಬಣ್ಣದಲ್ಲಿ ಹಾಕಿದ ಗುರುತು, ಕೆಲವು ತುಂಡಾದಲ್ಲಿ ಅಂಟುಪಟ್ಟಿ ಹಚ್ಚಿ ಜೋಡಿಸಿದವು. ಸುಹಾಸ ಒಂದೊಂದನ್ನೂ ಕೂತು ಕೇಳಿದ. ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಆದರೆ ಅವನಿಗೆ ಬೇಸರವೂ ಆಗಲಿಲ್ಲ. ಯಾರು ಯಾವ ಹಾಡನ್ನು ತಿರುಗಿಸಿ ತಿರುಗಿಸಿ ಕೇಳಿದ್ದಾರೆಂದು ಟೇಪು ಸವೆದ ಜಾಗದಲ್ಲೇ ತಿಳಿಯುತ್ತಿತ್ತು.

ಆಗ ಮಾವಳ್ಳಿಯ ಮಾಸ್ತಮ್ಮ ತನ್ನ ಮನೆಯಲ್ಲೂ ಒಂದಿದೆ ಎಂದು ಭಾಸ್ಕರನಿಗೆ ಹೇಳಿದಳು. ಒಣಮೀನಿನ ಬುಟ್ಟಿ ಹೊತ್ತು ದಿನವೂ ಅವನ ಟೆಂಪೋದಲ್ಲಿ ಮಂಕಿಯ ಪೇಟೆಗೆ ಹೋಗುವವಳು. ಭಾನುವಾರ ಮೂವರನ್ನೂ ಭಾಸ್ಕರ ಅಲ್ಲಿಗೆ ಕರೆದೊಯ್ದ. ಮಾಸ್ತಮ್ಮ ಅಕ್ಕಿಯ ಡಬ್ಬಿಗೆ ಕೈಹಾಕಿ ಪ್ಲಾಸ್ಟಿಕ್ ಕೂಡ ಬಿಚ್ಚದ ಕ್ಯಾಸೆಟ್ಟನ್ನು ತೆಗೆದಳು. ಸುಹಾಸ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಒಮ್ಮೆಯೂ ಕೇಳಲಿಲ್ಲವೇ ಎಂದು ವಿಚಾರಿಸಿದ.

“ಮನೇಲಿ ಟೇಪಿಲ್ಲ ತಮಾ. ಟೇಪು ತಕಂಡ ಮೇಲೆ ಕೇಳ್ವಾ ಅಂತ ಇಟ್ಟಿದ್ದೆ. ಅಕ್ಕಿಯೊಳಗೆ ಥಂಡಿ ಹಿಡೂದಿಲ್ಲ.”

ಹಾಗಾದರೆ ಕೊಂಡದ್ದು ಯಾಕೆಂದು ಪ್ರಿಯಂವದಾ ಕೇಳಿದಳು. ಭಾಸ್ಕರ ಭಟ್ಕಳ ಬಿಡುವಾಗ ಮೊದಲಿನಿಂದ ಹಾಕುತ್ತಾನೆ, ತಾನು ಮಂಕಿಯಲ್ಲಿ ಇಳಿಯಬೇಕು, ಮರಳಿ ಬರುವುದು ಬಸ್ಸಿನಲ್ಲಿ ಎಂದು ಮಾಸ್ತಮ್ಮ ವಿವರಿಸಿದಳು. “ನಾ ಇಳಿಯೂ ಹೊತ್ತಿಗೆ ಏಡಿ ಹೊಳೆ ದಾಟ್ತಾ ಇರ್ತದೆ. ಮದಿ ಆತಾ ಇಲ್ವಾ, ನಂಗೆ ಈವರೆಗೂ ಗೊತ್ತಿಲ್ಲ.”

ಕ್ಯಾಸೆಟ್ಟು ಸುಹಾಸನ ಕೈಯಲ್ಲೇ ಇತ್ತು. ಆದರೆ ಪ್ರಿಯಂವದಾ ಸೆರಗು ಸಿಕ್ಕಿಸಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತಳು. ನಿತ್ಯಾನಂದ ಬಾಲ್ದಿ ಬೋರಲು ಹಾಕಿಕೊಂಡ. ಗಿಟಾರಿಲ್ಲದ ಸುಹಾಸ ಬಾಯಲ್ಲೇ ಅದರ ಸದ್ದು ಹೊರಡಿಸಿದ. ಹೊಳೆ ದಾಟಿದಲ್ಲಿಂದ ಕೊನೆಯ ತನಕ ಆ ಒಬ್ಬಳಿಗಾಗಿ ಹಾಡಿದರು. ಏಡಿ ಅಡ್ಡ ನಡೆದು ನಡೆದು ತಪ್ಪು ಮನೆಗೆ ಹೋಯಿತು. ಆ ಮನೆಯವರು ಕಾಲಿಗೆ ನೀರು ಕೊಟ್ಟು ಕೂರಿಸಿದರು. ಅಲ್ಲಿಯ ಹುಡುಗಿಯೂ ಅಡ್ಡ ನಡೆಯುವವಳೇ. ಮಾಸ್ತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುನಗುತ್ತ ಕಣ್ಣೊರೆಸಿಕೊಂಡಳು.

“ಅಂತೂ ಮದಿ ಆತು” ಎಂದಳು.

ಪ್ರಿಯಂವದಾ ಬಗ್ಗಿ ಅವಳ ಕಾಲು ಮುಟ್ಟಿದಳು. ಮಾಸ್ತಮ್ಮ ಗಾಬರಿಯಾಗಿ ಹಿಂದೆ ಸರಿದು, ಚಾ ಕುಡಿಯದೆ ಬಿಡುವುದಿಲ್ಲ ಎಂದು ಒಳಗೆ ಹೋದಳು.

ಆ ಕ್ಯಾಸೆಟ್ಟಿನಿಂದಲೇ 2006ರ ದೀಪಾವಳಿಗೆ ಸೀಡಿ ಬಂತು. ಮೊದಲ ಪ್ರತಿಯನ್ನೂ ಅದನ್ನು ಹಾಕಿ ಕೇಳಲು ಒಂದು ಸೀಡಿ ಪ್ಲೇಯರನ್ನೂ ಹೊತ್ತು ಮೂವರೂ ಮಾವಳ್ಳಿಗೆ ಹೋದರು. ಮಾಸ್ತಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಚಾಪೆ ಹಾಸಿದ್ದಳು. ಹಾಡಿನಲ್ಲಿ ಏಡಿ ಹೊಳೆ ದಾಟುವಾಗ, ಮುಂದೆ ಏನಾಗುತ್ತದೆಂದು ಯಾರೂ ಹೇಳಬಾರದೆಂದು ಎಲ್ಲರಿಗೂ ತಾಕೀತು ಮಾಡಿದಳು.