ಮಂಟಪದ ಹಿಂದಿನ ಮಸಿ

ಪುಟ್ಟೇನಹಳ್ಳಿಯ ತಗ್ಗಿನ ಬೀದಿಯೊಂದರಲ್ಲಿ ದೊಡ್ಡ ಮಳೆಗೆ ಮೋರಿ ಉಕ್ಕಿತು. ನಾಗಲಕ್ಷ್ಮಮ್ಮನವರ ಕೆಳಮನೆಗೆ ಮೊಣಕಾಲುದ್ದ ನೀರು ನುಗ್ಗಿತು. ಮಗ ವೇಣು ನೀರು ಎತ್ತಿ ಚೆಲ್ಲಿದ, ನೆಲ ತೊಳೆದ, ಫಿನಾಯಿಲ್ ಹಾಕಿ ಒರೆಸಿದ. ನೆಲ ಒಣಗಿತು. ಮನೆಯೂ ಒಣಗಿತು ಎಂದೇ ತಾಯಿ ಮಗ ಇಬ್ಬರೂ ತಿಳಿದರು.

ಆದರೆ ಮುಗ್ಗು ವಾಸನೆ ಹೋಗಲಿಲ್ಲ. ನಾಗಲಕ್ಷ್ಮಮ್ಮ ತಮಗೆ ತಿಳಿದ ಮದ್ದು ಮಾಡಿದರು. ಸಂಜೆಯಾದರೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಮನೆ ತುಂಬ ಧೂಪ ಹಾಕುತ್ತಿದ್ದರು. ಹೊಗೆ ಹೊರಗೆ ಹೋದರೆ ಫಲವಿಲ್ಲ ಎಂಬುದು ಅವರ ನಂಬಿಕೆ.

ನವರಾತ್ರಿ ಹತ್ತಿರವಾಗುತ್ತಿತ್ತು. ಪ್ರತಿ ವರ್ಷ ಬೀದಿಯ ಹೆಂಗಸರೆಲ್ಲ ಅವರ ಮನೆಯಲ್ಲೇ ಸೇರುವುದು. ನಾಗಲಕ್ಷ್ಮಮ್ಮ ಪುರಾಣದ ಪದ್ಯಗಳನ್ನು ರಾಗವಾಗಿ ಓದುವುದು, ಉಳಿದವರು ಕಣ್ಣು ಮುಚ್ಚಿ ಕೇಳುವುದು. ಚಿಕ್ಕಂದಿನಲ್ಲಿ ತಂದೆಯ ತೊಡೆಯ ಮೇಲೆ ಕೂತು ಕೇಳಿ ಕಲಿತ ಓದು ಅದು. ಈ ಸಲ ಅಭ್ಯಾಸಕ್ಕೆ ಕೂತರೆ ಎರಡನೇ ಸಾಲಿಗೇ ಎದೆ ಗೊರಗೊರ ಎನ್ನುತ್ತಿತ್ತು. ಕೆಮ್ಮು ಬಂದು ಪದ್ಯ ತುಂಡಾಗುತ್ತಿತ್ತು.

"ವಯಸ್ಸಾಯ್ತು ಕಣೋ ವೇಣು. ಈ ಸಲ ಬೇರೆ ಯಾರಾದ್ರೂ ಓದ್ಲಿ ಬಿಡು" ಎಂದರು ಒಂದು ದಿನ. ಪುರಾಣದ ಪುಸ್ತಕ ಮುಚ್ಚಿ ದೇವರ ಮಂಟಪದ ಪಕ್ಕಕ್ಕಿಟ್ಟರು.

ಅಮ್ಮನ ಮನಸ್ಸು ಗೆಲುವಾಗಲಿ ಎಂದು ವೇಣು ಗೋಡೆಗೆ ಹೊಡೆಯಲು ಹೊಸ ಬಣ್ಣ ತಂದ. ಅದೇ ಹೊತ್ತಿಗೆ ಮೇಲ್ಮನೆಯ ಸಂಘಮಿತ್ರಾ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಹಿಂದೆ ಜೆ.ಪಿ. ನಗರದಲ್ಲಿದ್ದಾಗ ಅವಳ ಮನೆಗೂ ನೀರು ನುಗ್ಗಿತ್ತು. ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಆಂಟಿ, ಸಾಂಬ್ರಾಣಿ ಜೊತೆ ಬೂಷ್ಟು ವಾಸನೆ ಬರ್ತಿದೆ."

"ಬೂಷ್ಟೆಲ್ಲಿದೆಯಮ್ಮ? ಗೋಡೆ ನೋಡು, ಚೆನ್ನಾಗೇ ಇದೆ."

"ಮಂಟಪದ ಅಂಚಲ್ಲಿ ಕಪ್ಪಗೆ ಕಾಣ್ತಿದ್ಯಲ್ಲ?"

"ಅದು ದೀಪದ ಮಸಿ."

"ದೀಪ ಮುಂದೆ ಹಚ್ತೀರ, ಮಸಿ ಹಿಂದೆ ಹೋಗಿ ಕೂತಿದ್ಯಾ? ಮಂಟಪ ಸರಿಸಿ ನೋಡೋಣ."

"ದೇವರನ್ನ ಕದಲಿಸೋದಾ? ನಮ್ಮತ್ತೆ ಕೂರಿಸಿದ್ದು. ಇವತ್ತಿನವರೆಗೂ ಅಲುಗಿಸಿಲ್ಲ."

"ನಾನೂ ನಮ್ಮನೆ ಬುದ್ಧನ ಫೋಟೋ ಮುಟ್ಟಿರ್ಲಿಲ್ಲ ಆಂಟಿ. ಕೊನೆಗೆ ತೆಗೆದು ನೋಡಿದ್ರೆ, ಬುದ್ಧನಿಗಿಂತ ಗಟ್ಟಿಯಾಗಿ ಬೂಷ್ಟೇ ಧ್ಯಾನಕ್ಕೆ ಕೂತಿತ್ತು."

ವೇಣು ನಕ್ಕ. "ಬಿಡಿ ಅಕ್ಕ, ಮೇಲೆ ಬಣ್ಣ ಹೊಡೆದ್ರೆ ಎಲ್ಲಾ ಮುಚ್ಚಿಹೋಗುತ್ತೆ."

"ಒದ್ದೆ ಮೈ ಮೇಲೆ ಹೊಸ ಶರ್ಟ್ ಹಾಕ್ಕೊಂಡ್ರೆ ಮೈ ಒಣಗುತ್ತೇನೋ? ಒಂದು ಪ್ಲಾಸ್ಟಿಕ್ ಕವರ್ ಕೊಡು, ಗೋಡೇನೇ ಕೇಳೋಣ."

ಕವರನ್ನು ಕತ್ತರಿಸಿ ಹರಡಿ, ಮಂಟಪದ ಪಕ್ಕದ ಗೋಡೆಗೆ ಹಿಡಿದು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದಳು. ಮಾರನೇ ದಿನ ಬಂದು ಬಿಚ್ಚಿದಾಗ ಕವರಿನ ಒಳಮೈ ತುಂಬ ಹನಿ. ನಾಗಲಕ್ಷ್ಮಮ್ಮ ಬೆರಳಿಟ್ಟು ನೋಡಿದರು. ಬೆರಳು ಒದ್ದೆಯಾಯಿತು.

"ಗೋಡೆ ಬೆವರ್ತಿದೆಯಲ್ಲೋ" ಎಂದರು ಮೆಲ್ಲಗೆ. "ಹೊಗೆ ಹೋಗಬಾರದು ಅಂತ ಕಿಟಕಿ ಮುಚ್ಚಿದೆ. ತೇವ ಹೋಗೋ ದಾರೀನೂ ನಾನೇ ಮುಚ್ಚಿದೆ."

"ಎದೆ ಕಟ್ಟೋರಿಗೆ ಹೊಗೇನೂ ಒಳ್ಳೇದಲ್ಲ ಆಂಟಿ. ಡಾಕ್ಟರಿಗೂ ಒಂದ್ಸಲ ತೋರಿಸಿ."

ನಾಗಲಕ್ಷ್ಮಮ್ಮ ಮಂಟಪದ ಮುಂದೆ ಕೈಮುಗಿದು ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಉತ್ಸವಕ್ಕೆ ದೇವರು ಗುಡಿ ಬಿಟ್ಟು ಬೀದಿಗೆ ಬರಲ್ವಾ? ನಮ್ಮ ದೇವರು ತಾರಸಿಗೆ ಬರ್ಲಿ, ಬಿಸಿಲು ಕಾಯ್ಲಿ. ವೇಣು, ಗಂಟೆ ತಗೋ."

ವೇಣು ಗಂಟೆ ಬಾರಿಸುತ್ತ ಮೆಟ್ಟಿಲು ಹತ್ತಿದ. ಹರಿವಾಣದಲ್ಲಿ ದೇವರನ್ನಿಟ್ಟುಕೊಂಡು ತಾಯಿ ಹಿಂದೆ ಹತ್ತಿದರು. ಎದುರುಮನೆಯವರು ಏನು ಹಬ್ಬವೆಂದು ತಿಳಿಯದೆಯೇ ಕೈಮುಗಿದರು.

ವೇಣು ಕೆಳಗಿಳಿದು ಬಂದು ಸಂಘಮಿತ್ರಾ ಜೊತೆ ಮಂಟಪ ಸರಿಸಿದರೆ ಗೋಡೆಯ ಮೇಲೆ ತಟ್ಟೆಯಗಲ ಕಪ್ಪು ಬೂಷ್ಟು. ಸಂಘಮಿತ್ರಾ ತಾರಸಿಯತ್ತ ಕೂಗಿ ಹೇಳಿದಳು: "ನೀವು ಅಲ್ಲೇ ಇರಿ ಆಂಟಿ. ಕ್ಲೀನ್ ಮಾಡೋವಾಗ ಕೆಮ್ಮು ಇರೋರು ಒಳಗಿರಬಾರದು."

ಕಿಟಕಿಗಳನ್ನೆಲ್ಲ ತೆರೆದು, ಇಬ್ಬರೂ ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಂಡರು. ವೇಣು ಪೊರಕೆ ಎತ್ತಿದ.

"ಒಣಗಿದ್ದನ್ನ ಕೆರೀಬೇಡ ಕಣೋ, ಪುಡಿ ಹಾರಿ ಮನೆ ತುಂಬ ಹರಡುತ್ತೆ. ಮೊದ್ಲು ಸೋಪ್ ನೀರಲ್ಲಿ ನೆನೆಸು, ಆಮೇಲೆ ಉಜ್ಜು."

"ಬ್ಲೀಚಿಂಗ್ ಪೌಡರಿಗೆ ಒಂಚೂರು ಆಸಿಡ್ ಸೇರಿಸ್ಲಾ ಅಕ್ಕ? ಸಖತ್ತಾಗಿ ಹೋಗುತ್ತೆ."

"ಬೂಷ್ಟಿಗಿಂತ ಮೊದ್ಲು ನಾವಿಬ್ರು ಹೋಗ್ತೀವಿ. ಎರಡೂ ಸೇರಿದ್ರೆ ವಿಷದ ಗಾಳಿ ಬರುತ್ತೆ. ಸೋಪ್ ಸಾಕು."

ಉಜ್ಜಿ, ಒರೆಸಿ, ಉಬ್ಬಿದ ಗಾರೆಯನ್ನು ಒದ್ದೆ ಇದ್ದಾಗಲೇ ಕೆತ್ತಿದರು. ನೀರು ಕುಡಿದ ಹತ್ತಿ ಹಾಸಿಗೆಯನ್ನೂ ಮಂಟಪದ ಹಿಂದಿನ ಪ್ಲೈವುಡ್ಡನ್ನೂ ಎಸೆದರು. ಬೀರು, ಮಂಚಗಳನ್ನು ಗೋಡೆಯಿಂದ ದೂರ ಎಳೆದರು. ಎಲೆಕ್ಟ್ರಿಷಿಯನ್ ಬಂದು ನೆನೆದ ಪ್ಲಗ್‌ಗಳನ್ನು ನೋಡಿದ ಮೇಲೆಯೇ ಫ್ಯಾನ್ ಹಾಕಿದರು. ಅಂದಿನಿಂದ ಮಳೆಯಿಲ್ಲದ ಹೊತ್ತಿನಲ್ಲೆಲ್ಲ ಕಿಟಕಿ ತೆರೆದೇ ಇತ್ತು. ಡಾಕ್ಟರು ಕೊಟ್ಟ ಔಷಧವೂ ನಡೆಯಿತು.

ಬಣ್ಣದ ಡಬ್ಬ ಮಾತ್ರ ಮೂಲೆಯಲ್ಲಿ ಕಾಯುತ್ತ ಕೂತಿತ್ತು. ನಾಗಲಕ್ಷ್ಮಮ್ಮ ತಾವೇ ಮತ್ತೆ ಮತ್ತೆ ಕವರ್ ಅಂಟಿಸಿ ನೋಡುತ್ತಿದ್ದರು. ಒಂದು ಬೆಳಗ್ಗೆ ಬಿಚ್ಚಿದಾಗ ಒಂದು ಹನಿಯೂ ಇರಲಿಲ್ಲ. "ಈಗ ಹೊಡಿಯೋ ಬಣ್ಣ" ಎಂದರು, ಅಪ್ಪಣೆ ಕೊಡುವವರಂತೆ.

ನವರಾತ್ರಿಯ ಸಂಜೆ ದೇವರನ್ನು ಮತ್ತೆ ಕೂರಿಸಿದ ಮಂಟಪ ಗೋಡೆಯಿಂದ ಒಂದು ಗೇಣು ಮುಂದೆ ನಿಂತಿತ್ತು. ಬೀದಿಯ ಹೆಂಗಸರೆಲ್ಲ ಬಂದಿದ್ದರು. ನಾಗಲಕ್ಷ್ಮಮ್ಮ ಪದ್ಯ ಎತ್ತಿಕೊಂಡರು. ಎರಡನೇ ಸಾಲು ದಾಟಿತು. ಎದೆ ಗೊರಗೊರ ಎನ್ನಲಿಲ್ಲ. ಮೂರು, ನಾಲ್ಕು, ಐದು ಸಾಲು ದಾಟಿ, ಕೊನೆಯ ಸಾಲಿನ ಎಳೆತ ತೆರೆದ ಕಿಟಕಿಯಿಂದ ಬೀದಿಗೆ ಹರಿಯಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ವೇಣು ಬಾಗಿಲ ಬಳಿ ಕಣ್ಣೊರೆಸಿಕೊಂಡ.

"ವಯಸ್ಸಾಯ್ತು ಅಂತಿದ್ರಂತೆ ಆಂಟಿ?" ಸಂಘಮಿತ್ರಾ ಕೆಣಕಿದಳು.

"ವಯಸ್ಸಾಗಿದ್ದು ನನಗಲ್ಲಮ್ಮ, ಗೋಡೆಗೆ" ಎಂದು ನಾಗಲಕ್ಷ್ಮಮ್ಮ ಮುಂದಿನ ಪದ್ಯಕ್ಕೆ ದನಿ ಎತ್ತಿದರು.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ನಿಮ್ಮ ಮನೆಗೂ ನೀರು ನುಗ್ಗಿದ್ದರೆ ನೆಲ ಒಣಗಿತೆಂದು ಸುಮ್ಮನಾಗಬೇಡಿ. ಬೀರುವಿನ ಹಿಂದೆ, ಮಂಚದ ಕೆಳಗೆ, ದೇವರ ಮಂಟಪದ ಬೆನ್ನಿಗೆ ಇಂದೇ ಇಣುಕಿ ನೋಡಿ. ನೀರು ಇನ್ನೂ ಒಸರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಬೂಷ್ಟು ಗೋಡೆ ತುಂಬ ಹಬ್ಬಿದ್ದರೆ ತಿಳಿದವರನ್ನು ಕರೆಸಿ. ತೊಳೆಯಿರಿ, ಒಣಗಿಸಿ, ಬಣ್ಣ ಕೊನೆಗಿರಲಿ. ಗಾಳಿಗೆ ಕಿಟಕಿ ತೆರೆಯಿರಿ. ಬಿಸಿಲು ಕಾಯಿಸಿದರೆ ಯಾವ ದೇವರೂ ಮುನಿಯುವುದಿಲ್ಲ.