ಹಗ್ಗ ಮಾರದ ಮನೆ

"ಗಾಡಿ ಕಡಿ ನೋಡಬ್ಯಾಡ್ರಿ ಬಾಯಾರ, ಮದಲ ಅಕ್ಕಾವರ ಮಾರಿ ನೋಡ್ರಿ," ಎಂದು ಮಜೀದಸಾಬ ಹಿಂದಿನಿಂದ ಪಿಸುಗುಟ್ಟಿದ. "ಬಂದ ಕೂಡ್ಲೇ ಗಾಡಿ ದಿಟ್ಟಿಸಿದ್ರ ಇವರಿಗಿ ಗರಜು ಭಾಳ ಅದ ಅಂತ ತಿಳೀತಾರ."

ಅಗತ್ಯವೇನೋ ಭಾಳವೇ ಇತ್ತು. ಅದನ್ನು ಮುಚ್ಚಿಡುವ ವಿದ್ಯೆ ಮಾತ್ರ ಇಂಗರ್‌ಗೆ ಬರುತ್ತಿರಲಿಲ್ಲ. ರಾವೂರಿನ ಆ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಅವಳ ಕಣ್ಣು ಬೇವಿನ ಮರದ ಕೆಳಗಿನ ಹಳೇ ಲ್ಯಾಂಡ್‌ಮಾಸ್ಟರ್ ಕಾರಿನ ಮೇಲೆ ಹೋಗಿ ಕೂತುಬಿಟ್ಟಿತ್ತು. ಒಂದು ಕಾಲಕ್ಕೆ ಅದರ ಬಣ್ಣ ಹಸಿರಿದ್ದಿರಬೇಕು. ಈಗ ಗಣಿಯ ಬಿಳಿ ಧೂಳು ಕೂತು ಕೂತು, ಸುಣ್ಣ ಬಳಿದ ಗೋಡೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಇಂಗರ್ ಡೆನ್ಮಾರ್ಕಿನವಳು. ಇದು ಇನ್ನೂ ಮೈಸೂರು ರಾಜ್ಯ ಎನ್ನಿಸಿಕೊಳ್ಳುತ್ತಿದ್ದ ಕಾಲ. ವಾಡಿಯ ಸಿಮೆಂಟ್ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದ ಇಂಜಿನಿಯರ ಹೋಲ್ಗರನ ಹೆಂಡತಿ. ಕಾಲೊನಿಯ ಮಂದಿ ಗಂಡನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಹೋಳಗಿ ಸಾಹೇಬ ಅನ್ನುತ್ತಿದ್ದರು. ಅವನಿಗೂ ಹೋಳಿಗೆಯ ರುಚಿ ಗೊತ್ತಾದ ಮೇಲೆ ತಕರಾರು ಉಳಿದಿರಲಿಲ್ಲ. ಅವನಿಗೆ ಹಗಲೆಲ್ಲ ಕಾರ್ಖಾನೆ. ಇಂಗರ್‌ಗೆ ಇದ್ದದ್ದು ಬಂಗಲೆ, ಬಂಗಲೆಯ ಸುತ್ತ ಕಲ್ಲಿನ ಗೋಡೆ, ಗೋಡೆಗೊಂದು ಗೇಟು, ಗೇಟಿಗೊಬ್ಬ ರೇವಣಸಿದ್ದಯ್ಯ.

ರೇವಣಸಿದ್ದಯ್ಯ ಕೆಟ್ಟ ಮನುಷ್ಯನೇನಲ್ಲ. ಅವಳು ಒಬ್ಬಳೇ ನಡೆದು ಬಂದರೆ ಅಡ್ಡಗೋಲಿನ ಮೇಲೆ ಕೈಯಿಟ್ಟು, "ಯಾರ ಸಂಗಟ ಹೊಂಟೀರಿ ಬಾಯಾರ? ಜೀಪು ಎಲ್ಲದ?" ಎಂದು ಕೇಳುತ್ತಿದ್ದ, ಅಷ್ಟೇ. ಜೀಪು ಬೇಕೆಂದರೆ ಕಾರ್ಖಾನೆಗೆ ಹೇಳಿ ಕಳಿಸಬೇಕು. ಹೇಳಿ ಕಳಿಸಿದರೆ ಸಂತೆಯ ದಿನ ಬರುತ್ತದೆ. ತನ್ನೂರಲ್ಲಿ ಅಪ್ಪನ ಹಾಲಿನ ವ್ಯಾನನ್ನು ಹಿಮದಲ್ಲೂ ಓಡಿಸಿದವಳು ಇಲ್ಲಿ ಸೂಜಿ ದಾರಕ್ಕೂ ಕೈಚಾಚಿ ಕೇಳುವಂತಾಗಿತ್ತು. ಹೊಸ ಕಾರಿಗೆ ಹೆಸರು ಬರೆಸಿದರೆ, ಅದು ಬರುವ ಹೊತ್ತಿಗೆ ಹೋಲ್ಗರನ ಕೆಲಸವೇ ಮುಗಿದಿರುತ್ತದೆ ಎಂದು ಎಲ್ಲರೂ ನಕ್ಕಿದ್ದರು. "ಹಳೆಯದಾದರೂ ಸರಿ, ಒಂದು ಕಾರು ಸಿಕ್ಕರೆ ಇರುತ್ತೇನೆ. ಇಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಮುಂಬಯಿಯಿಂದ ಹೊರಡುವ ಹಡಗು ಹತ್ತುತ್ತೇನೆ," ಎಂದು ಗಂಡನಿಗೆ ಹೇಳಿ ಪೆಟ್ಟಿಗೆ ತುಂಬಲು ಕೂತಿದ್ದಳು. ಪೆಟ್ಟಿಗೆ ಅರ್ಧ ತುಂಬಿತ್ತು.

ಆಗ ಜೀಪಿನ ಡ್ರೈವರ ಮಜೀದಸಾಬ ಈ ಕಾರಿನ ಸುದ್ದಿ ತಂದ. ಅವನು ಮೊದಲು ರಾವೂರಿನ ಗಣಿ ಗುತ್ತಿಗೆದಾರ ರೇವಣಪ್ಪನವರಲ್ಲಿ ಇದೇ ಕಾರು ಓಡಿಸುತ್ತಿದ್ದವನು. ರೇವಣಪ್ಪ ತೀರಿಕೊಂಡ ಮೇಲೆ ಕಾರು ಬೇವಿನ ಮರದ ಕೆಳಗೆ ನಿಂತಿತು. ಮಜೀದಸಾಬ ಕಾರ್ಖಾನೆ ಸೇರಿದ. ಆದರೂ ಅಮಾವಾಸ್ಯೆಗೊಮ್ಮೆ ಬಂದು ಎಂಜಿನ್ನು ಚಾಲೂ ಮಾಡಿ, ಅದರ ಸದ್ದು ಕೇಳಿ, ನಿಂಬೆಹಣ್ಣು ಕಟ್ಟಿ ಹೋಗುವುದನ್ನು ಬಿಟ್ಟಿರಲಿಲ್ಲ.

ಕಟ್ಟೆಯ ಮೇಲೆ ಗುರುಲಿಂಗಮ್ಮ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ರೇವಣಪ್ಪನವರ ಹೆಂಡತಿ. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ.

"ಕುಂದ್ರವ್ವ," ಎಂದು ಚಾಪೆ ತೋರಿಸಿ, ಮಜೀದಸಾಬನ ಕಡೆ ತಿರುಗಿದರು. "ಇಕಿ ನಮ್ಮ ಚಹಾ ಕುಡಿತಾಳೇನೋ?"

"ಕುಡಿತೀನ್ರಿ ಅಕ್ಕಾವರ," ಇಂಗರ್ ಅಂದಳು. "ಸಕ್ರಿ ಜರಾ ಕಮ್ಮಿ ಹಾಕ್ರಿ."

ಮೊರ ನಿಂತಿತು. "ಅಯ್ಯ ಶಿವನ! ಇಕಿ ನಮ್ಮಂಗೇ ಮಾತಾಡ್ತಾಳಲ್ಲೋ ಮಜೀದ!"

"ನಮ್ಮ ಬಿಬಿಜಾನ್ ಬಂಗ್ಲೇದಾಗ ಕೆಲಸ ಮಾಡ್ತಾಳಲ್ರೀ, ಅಕಿ ಕಲಸ್ಯಾಳ," ಎಂದ ಮಜೀದಸಾಬ, ತನ್ನ ಹೆಂಡತಿಯ ಹೆಸರು ಹೇಳುವಾಗ ಮೀಸೆ ತೀಡುತ್ತ. "ನನ್ನ ಬೈಯೋದು ಕೇಳಿ ಕೇಳಿ ಕಲ್ತಾರ. ಅದಕ್ಕ ಬೈಗುಳಾ ಮದಲ ಬಂದಾವ, ಉಳದದ್ದು ಆಮ್ಯಾಲ."

ಬೆಲೆಯ ಮಾತನ್ನು ಗುರುಲಿಂಗಮ್ಮನ ಮೈದುನನೂ ಹೋಲ್ಗರನೂ ಆಗಲೇ ಆಡಿ ಮುಗಿಸಿದ್ದರು. ಉಳಿದಿದ್ದು ಗುರುಲಿಂಗಮ್ಮನ 'ಹೂಂ' ಒಂದೇ. ಚಹಾ ಮುಗಿಯಿತು. ಡೆನ್ಮಾರ್ಕಿನಲ್ಲಿ ಜೋಳ ಬೆಳೆಯುತ್ತದೋ ಇಲ್ಲವೋ ಎಂಬ ವಿಚಾರಣೆಯೂ ಮುಗಿಯಿತು. ಆಮೇಲೆ ಗುರುಲಿಂಗಮ್ಮ ಮೊರ ಕೆಳಗಿಟ್ಟರು.

"ಕಾರ ಕೊಡ್ತೀನವ್ವ. ಕೀಲಿಕೈ ಕೊಡಂಗಿಲ್ಲ."

ತನ್ನ ಕನ್ನಡ ಎಲ್ಲೋ ತಪ್ಪಿತೆಂದು ಇಂಗರ್ ಮಜೀದಸಾಬನ ಮುಖ ನೋಡಿದಳು. ಅವನು ಬೇವಿನ ಮರದ ತುದಿ ನೋಡುತ್ತಿದ್ದ.

"ಅಕ್ಕಾವರ, ಚಾವಿ ಇಲ್ದ ಗಾಡಿ ಒಯ್ದು ಏನ ಮಾಡ್ತಾರ್ರಿ ಅವರು? ಒಳಗ ಕುಂತು ಹಾಡ ಹಾಡ್ತಾರೇನು?"

"ಚಿಂಚೋಳಿ ಕಲ್ಯಾಣಪ್ಪನೂ ಹೀಂಗೇ ಅಂದ. ಟ್ಯಾಕ್ಸಿ ಮಾಡ್ತೀನಿ ಅಂತ ಬಂದಿದ್ದ. ಕೀಲಿಕೈ ಕೊಡಂಗಿಲ್ಲ ಅಂದ್ರ ಹೊಟ್ಟಿ ಹಿಡಕೊಂಡು ನಕ್ಕ. ನಕ್ಕಾತಲ್ಲಪ್ಪ, ಇನ್ನ ಎದ್ದು ನಡಿ ಅಂದೆ." ಗುರುಲಿಂಗಮ್ಮ ತಲೆಬಾಗಿಲ ಪಕ್ಕದ ಗೂಟ ತೋರಿಸಿದರು. ಅದರ ತುಂಬ ಹಳೆಯ ಹಗ್ಗಗಳು ಜೋತು ಬಿದ್ದಿದ್ದವು. "ನೋಡು, ಅದು ನಮ್ಮ ಬಿಳೇ ಎತ್ತಿಂದು. ಆಡಕಿ ಊರವರು ಕೊಂಡ್ರು, ತಮ್ಮ ಹಗ್ಗ ತಂದು ಹಾಕಿ ಹೊಡಕೊಂಡು ಹೋದ್ರು. ಎತ್ತ ಮಾರತೀವಿ, ಆಕಳ ಮಾರತೀವಿ. ಹಗ್ಗ ಕೊಡಂಗಿಲ್ಲ. ಹಗ್ಗದ ಸಂಗಟ ಮನಿ ಬರಕತ್ತೂ, ಸಿರಿನೂ ಹೋಗ್ತದ. ನಮ್ಮ ಅತ್ತಿ ಕೊಡಲಿಲ್ಲ, ನಾನೂ ಕೊಡಂಗಿಲ್ಲ."

"ಅದು ಎತ್ತಿನ ಮಾತಾತಲ್ರೀ," ಮಜೀದಸಾಬ ಬೇಡಿಕೊಂಡ. "ಇದು ಎಂಜಿನ್ನ!"

"ಮನೀಗಿ ದುಡದದ್ದು ಎಂಜಿನ್ನ ಆದ್ರೇನು, ಎತ್ತ ಆದ್ರೇನು?"

ಇಂಗರ್‌ಗೆ ಮನೆಯಲ್ಲಿನ ಅರ್ಧ ತುಂಬಿದ ಪೆಟ್ಟಿಗೆ ಕಣ್ಣಿಗೆ ಕಟ್ಟಿತು. ನಗುವುದು ಸುಲಭವಿತ್ತು, ಅಳುವುದು ಇನ್ನೂ ಸುಲಭವಿತ್ತು. ಆದರೆ ಅವಳ ಕಣ್ಣು ಆ ಗೂಟದ ಮೇಲೆಯೇ ನಿಂತಿತು. ಅಪ್ಪನ ಕೊಟ್ಟಿಗೆಯಲ್ಲೂ ಅಂಥದೊಂದು ಮೊಳೆ ಇತ್ತು. ಆಕಳು ಮಾರಿದ ದಿನ ಅಪ್ಪ ಅದರ ಕೊರಳಗಂಟೆ ಬಿಚ್ಚಿ ಆ ಮೊಳೆಗೆ ನೇತುಹಾಕುತ್ತಿದ್ದ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೊಳ್ಳುವವನೂ ಕೇಳುತ್ತಿರಲಿಲ್ಲ.

"ಬರೋಬ್ಬರಿ ಅದ್ರಿ," ಅಂದಳು. "ನಮ್ಮಪ್ಪನೂ ಆಕಳ ಕೊಡ್ತಿದ್ದ, ಗಂಟಿ ಕೊಡ್ತಿದ್ದಿಲ್ಲ."

ಗುರುಲಿಂಗಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ನಿಮ್ಮ ದೇಶದಾಗೂ?"

"ನಮ್ಮ ಮನ್ಯಾಗ್ರಿ. ಹಂಗಾರ ನಾನೂ ನನ್ನ ಹಗ್ಗ ನಾನೇ ತರ್ತೀನಿ. ಚಾವಿ ಮಾಡವರು ಎಲ್ಲಿರ್ತಾರ?"

ಮಜೀದಸಾಬನಿಗೆ ಈಗ ಉಸಿರು ಬಂತು. "ಶಹಾಬಾದದಾಗ ಬಾಬುಮಿಯಾ ಇದ್ದಾನ್ರಿ! ಮುಂದ ಒಂದು ಚಾವಿ ಇಟ್ರ ಅಂಥಾದೇ ಇನ್ನೊಂದು ಉಜ್ಜಿ ಕೊಡ್ತಾನ. ಕೊಡ್ರಿ ಅಕ್ಕಾವರ, ನಾ ಜೀಪಿನಾಗ ಹೋಗಿ—"

"ಕೀಲಿಕೈ ನನ್ನ ಕೈ ಬಿಟ್ಟು ಹೋಗಂಗಿಲ್ಲ."

"ಹಂಗಾರ ನೀವೂ ಬರ್ರಿ," ಇಂಗರ್ ಅಂದಳು. "ಕಾರಿನಾಗೇ ಹೋಗಮು. ಹೊಡದು ನೋಡಿದಂಗೂ ಆಗ್ತದ."

ಗಂಡ ಹೋದಾಗಿನಿಂದ ಗುರುಲಿಂಗಮ್ಮ ಊರ ಅಗಸಿ ಬಾಗಿಲು ದಾಟಿದವರಲ್ಲ ಎಂಬುದು ಇಂಗರ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಜೀದಸಾಬ ಮತ್ತೆ ಬೇವಿನ ಮರದ ತುದಿ ನೋಡಿದ.

"ಯಾರು ಹೊಡಿಯವರು? ಇವನಾ?" ಗುರುಲಿಂಗಮ್ಮ ಕೇಳಿದರು.

"ನಾ ಹೊಡಿತೀನ್ರಿ."

"ನೀನಾ?" ಗುರುಲಿಂಗಮ್ಮ ಅವಳ ಕೈಗಳನ್ನು ನೋಡಿದರು, ಮೊರ ನೋಡಿದರು, ಕಾರು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. "ನಡಿ, ಅದನ್ನಾರ ನೋಡೇಬಿಡಮು."

ಹಿಂದಿನ ಬಾಗಿಲು ತೆಗೆದ ಮಜೀದಸಾಬ ಬೆಚ್ಚಿ ಹಿಂದೆ ಸರಿದ. ಸೀಟಿನ ಮೂಲೆಯಲ್ಲಿ ಒಂದು ಕೆಂಪು ಕೋಳಿ ರೆಕ್ಕೆ ಹರಡಿ ಕಾವಿಗೆ ಕೂತು, ಅವನನ್ನು ಬಾಡಿಗೆ ಕೇಳಲು ಬಂದವನಂತೆ ನೋಡುತ್ತಿತ್ತು.

"ಅಕ್ಕಾವರ, ನಿಮ್ಮ ಗಾಡ್ಯಾಗ ಕೋಳಿ!"

"ನಮ್ಮದಲ್ಲಪ್ಪ! ಮುರದ ಕಿಡಕ್ಯಾಗಿಂದ ಬಂದು ಕುಂತದ. ಅಮೀರ್ಬೀದು."

ಹೆಸರು ಕೇಳಿದ್ದೇ ಪಕ್ಕದ ಗೋಡೆಯ ಮೇಲೆ ಅಮೀರ್ಬೀಯ ಮುಖ ಮೂಡಿತು. "ಎಬ್ಬಸಬ್ಯಾಡ್ರಿ ಗೌಡ್ತೀ! ಕಾವು ಕೆಡ್ತದ! ಅದು ಕುಂತಲ್ಲೇ ಕುಂತಿರ್ತದ, ಎಲ್ಲಿಗಿ ಬೇಕಾದ್ರ ಹೋಗ್ರಿ!"

"ಬಸುರಿ ಬಾಣಂತಿ ನಾ ಯಾಕ ಎಬ್ಬಸಲಿ," ಎಂದರು ಗುರುಲಿಂಗಮ್ಮ. "ಆದ್ರ ನಾ ಕೋಳಿ ಪಕ್ಕಕ ಕುಂದ್ರಂಗಿಲ್ಲ ನೋಡು."

ಹೀಗಾಗಿ, ಮದುವೆಯಾಗಿ ಬಂದಾಗಿನಿಂದ ಹಿಂದಿನ ಸೀಟಿನಲ್ಲಿ ಪರದೆಯ ಮರೆಗೇ ಕೂತು ಓಡಾಡಿದ ಗುರುಲಿಂಗಮ್ಮ ಮುಂದಿನ ಸೀಟಿಗೆ ಬಂದರು. ಮುಂದೆಯೇ ಕೂತು ಹೊಟ್ಟೆಹೊರೆದ ಮಜೀದಸಾಬ ಕೋಳಿಯ ಪಕ್ಕಕ್ಕೆ ಹೋದ. ಗಣಿಯಿಂದ ಊಟಕ್ಕೆ ಬಂದಿದ್ದ ಮಂದಿ ತಳ್ಳಿದರು. ಕೀಲಿಕೈಯನ್ನು ತೂತಿಗಿಟ್ಟು ತಿರುಗಿಸಿದವರು ಗುರುಲಿಂಗಮ್ಮನೇ. ಕಾರು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಗುರ್ ಎಂದು ಹೊರಟಿತು.

ಹಾದಿಯಲ್ಲಿನ ಭಂಕೂರಿನವರೆಗೆ ಗುರುಲಿಂಗಮ್ಮನ ಒಂದು ಕೈ ಕೊರಳ ಲಿಂಗದ ಮೇಲೆ, ಇನ್ನೊಂದು ಬಾಗಿಲ ಹಿಡಿಯ ಮೇಲೆ. ಕಲ್ಲು ಹೇರಿದ ಎತ್ತಿನ ಗಾಡಿಗಳನ್ನು ಇಂಗರ್ ಮೆಲ್ಲಗೆ ಬಳಸಿಕೊಂಡು ಹೋದಾಗ ಆ ಬೆರಳುಗಳು ಸಡಿಲಾದವು.

"ಇಷ್ಟ ದಿನ ನನಗ ಮಜೀದನ ಕಿವಿ ಒಂದೇ ಕಾಣ್ತಿತ್ತವ್ವ," ಅಂದರು. "ಹಾದಿ ಇಷ್ಟ ಅಗಲ ಅದ ಅಂತ ಗೊತ್ತೇ ಇದ್ದಿಲ್ಲ."

"ನನ್ನ ಕಿವಿಗಿ ಏನಾಗ್ಯಾದ್ರಿ?" ಹಿಂದಿನಿಂದ ಮಜೀದಸಾಬ ಕೇಳಿದ. "ಈ ಕೋಳಿ ನೋಡ್ರಿ, ನನಗ ಕುಟುಕಲಿಕತ್ತದ!"

ಶಹಾಬಾದದ ಬಜಾರಿನ ಮೂಲೆಯಲ್ಲಿ ಬಾಬುಮಿಯಾ ಅರ ಹಿಡಿದು ಕೂತ. ಗುರುಲಿಂಗಮ್ಮ ಹಳೆಯ ಕೀಲಿಕೈಯನ್ನು ಅವನ ಕೈಗೂ ಕೊಡಲಿಲ್ಲ. ತಮ್ಮ ಬೆರಳಲ್ಲೇ ಹಿಡಿದು ಅವನ ಕಣ್ಣ ಮುಂದೆ ನಿಲ್ಲಿಸಿದರು. "ಹೀಂಗ ಹಿಡಿದ್ರ ನಾ ಹ್ಯಾಂಗ ಅಳತಿ ಮಾಡ್ಲಿ ಅಮ್ಮಾ?" ಎಂದು ಗೊಣಗುತ್ತಲೇ ಅವನು ಉಜ್ಜಿದ. ಹೊಸದನ್ನು ಇಂಗರ್ ತೂತಿಗಿಟ್ಟಳು. ಅದು ಅರ್ಧಕ್ಕೆ ನಿಂತಿತು. ಮತ್ತೆ ಒತ್ತಿದಳು. ತಿರುಗಲಿಲ್ಲ. ಅವಳ ಮುಖ ಸಣ್ಣದಾಯಿತು.

"ಜೋರ ಮಾಡಬ್ಯಾಡ ತಂಗಿ," ಗುರುಲಿಂಗಮ್ಮ ಅವಳ ಮುಂಗೈ ಹಿಡಿದರು. ಅವರ ದನಿಯಲ್ಲಿ ಅವಳಿಗಿಂತ ಹೆಚ್ಚಿನ ಆತಂಕವಿತ್ತು. "ಬಾಬುಮಿಯಾ, ಈ ಹಲ್ಲ ನೋಡು, ನಿಂದು ದಪ್ಪ ಆಗ್ಯಾದ. ಇಲ್ಲಿ ಇನ್ನಷ್ಟು ತಿಕ್ಕು." ಹಾಗೆನ್ನುತ್ತ ಹಳೆಯ ಕೀಲಿಕೈಯನ್ನು ಅವನ ಅಂಗೈಯಲ್ಲಿ ಇಟ್ಟೇಬಿಟ್ಟರು. ಇಟ್ಟದ್ದು ಅವರಿಗೇ ಗೊತ್ತಾಗಲಿಲ್ಲ.

ಎರಡನೆಯ ಸಲ ಹೊಸ ಕೀಲಿಕೈ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

ರಾವೂರಿಗೆ ಮರಳಿದಾಗ ಬಿಸಿಲು ಇಳಿದಿತ್ತು. ಗುರುಲಿಂಗಮ್ಮ ಇಳಿದು ನೇರ ತಲೆಬಾಗಿಲಿಗೆ ಹೋಗಿ, ಬಿಳಿ ಎತ್ತಿನ ಹಗ್ಗದ ಪಕ್ಕ ಹಳೆಯ ಕೀಲಿಕೈಯನ್ನು ನೇತುಹಾಕಿ ಬಂದರು. ಬರುವಾಗ ಕೈಯಲ್ಲಿ ಒಂದು ಹಿಡಿ ಜೋಳವಿತ್ತು. ಶಿವಶಿವಾ ಎನ್ನುತ್ತ ಅದನ್ನು ಕೋಳಿಯ ಮುಂದೆ ಸುರಿದರು.

"ಗೌಡ್ತೀ, ನನ್ನ ಕೋಳಿ?" ಅಮೀರ್ಬೀ ಗೋಡೆಯ ಮೇಲೇ ಇದ್ದಳು.

"ಅದೂ ಹೋಗ್ತದ. ಮರಿ ಆದ ಮ್ಯಾಲ ಇಕಿ ತಂದು ಒಪ್ಪಸ್ತಾಳ." ಗುರುಲಿಂಗಮ್ಮ ಕಿಟಕಿಗೆ ಬಾಗಿದರು. "ಒಪ್ಪಸ್ತೀಯಲ್ಲ? ಹಡಗ ಹತ್ತಿ ಊರಿಗಿ ಹೊಂಟಾರ ಅಂತ ಮಜೀದ ಅಂತಿದ್ದ."

ಇಂಗರ್ ಹಿಂದಕ್ಕೆ ತಿರುಗಿ ಕೋಳಿಯನ್ನು ನೋಡಿದಳು. "ಹಡಗ ಮತ್ತ ಬರ್ತದ್ರಿ. ಮರಿ ತರ್ತೀನಿ. ನಿಮ್ಮನ್ನ ಸೇಡಂ ಸಂತಿಗಿ ಕರಕೊಂಡು ಹೋಗ್ತೀನಿ."

"ಮುಂದ ಕುಂದ್ರಸಬೇಕು ಮತ್ತ."

"ಮುಂದೇ ಕುಂದ್ರಿ."

ಮಜೀದಸಾಬನ ಜೀಪು ಬಹಳ ಹಿಂದೆ ಉಳಿಯಿತು. ವಾಡಿಯ ಬಂಗಲೆಯ ಗೇಟಿನ ಮುಂದೆ ಇಂಗರ್ ಕಾರು ನಿಲ್ಲಿಸಿದಾಗ ರೇವಣಸಿದ್ದಯ್ಯ ಅಡ್ಡಗೋಲಿನ ಮೇಲೆ ಕೈಯಿಟ್ಟು ಬಾಯಿ ತೆರೆದ. ಮುಂದಿನ ಸೀಟು ನೋಡಿದ, ಖಾಲಿ. ಬಗ್ಗಿ ಹಿಂದಿನ ಸೀಟು ನೋಡಿದ. ಕೆಂಪು ಕೋಳಿ ಜೋಳ ತಿನ್ನುವುದು ನಿಲ್ಲಿಸಿ ಅವನನ್ನು ನೋಡಿತು. ರೇವಣಸಿದ್ದಯ್ಯ ಏನೂ ಕೇಳದೆ ಅಡ್ಡಗೋಲು ಎತ್ತಿದ.